ಪೆಟ್ಟಿಗೆಯೊಳಗಿನ ತಂಬೂರಿ

ಪುಣೆಯ ದಕ್ಷಿಣದ ಅಂಚಿನಲ್ಲಿರುವ ಕಾತ್ರಜದಲ್ಲಾಗಲಿ, ಅತ್ತ ಧಾರವಾಡದಲ್ಲಾಗಲಿ, ಇಂದು ಮನೆಯಲ್ಲಿ ಗಾಯನಾಭ್ಯಾಸ ಮಾಡುವ ವಿದ್ಯಾರ್ಥಿಯ ಮಗ್ಗುಲಲ್ಲಿ ಮಿರಜದ ಕುಂಬಳಬುರುಡೆಯ ತಂಬೂರಿಗಿಂತ ಹೆಚ್ಚಾಗಿ ಕಾಣಸಿಗುವುದು ಎಲೆಕ್ಟ್ರಾನಿಕ್ ತಂಬೂರಿಯ ಪುಟ್ಟ ಪೆಟ್ಟಿಗೆ, ಇಲ್ಲವೇ ಅದರ ಕೆಲಸವನ್ನು ವಹಿಸಿಕೊಂಡ ಮೊಬೈಲ್ ಆ್ಯಪ್. ಕಲಿಕೆಯ ಅನುಕೂಲಕ್ಕಾಗಿ ಇಟ್ಟುಕೊಂಡ ಸಾಧನವೆಂದಷ್ಟೇ ಎಣಿಸಲ್ಪಟ್ಟ ಈ ಪೆಟ್ಟಿಗೆ ವಿಮರ್ಶೆಯ ಕಣ್ಣಿಗೆ ಬಿದ್ದದ್ದು ಕಡಿಮೆ. ತಂತಿ, ಕೊಳವೆ, ಚರ್ಮ ಯಾವುದೂ ಇಲ್ಲದೆ ಬರಿಯ ವಿದ್ಯುತ್ತಿನಿಂದ ಅಥವಾ ಲೆಕ್ಕಾಚಾರದಿಂದ ನಾದವನ್ನು ಕಟ್ಟುವ ಯಂತ್ರವನ್ನು ಸಿಂಥಸೈಜರ್ ಎನ್ನುವುದಾದರೆ, ಇದೂ ಅದೇ ಕುಲಕ್ಕೆ ಸೇರುತ್ತದೆ. ಆದುದರಿಂದ ಆ ಕುಲದ ದೊಡ್ಡ ಯಂತ್ರಗಳನ್ನು ಯಾವ ಅಳತೆಗೋಲಿನಿಂದ ಅಳೆಯಲಾಗುತ್ತದೆಯೋ ಅದರಿಂದಲೇ ಇದನ್ನೂ ಅಳೆಯುವುದು ನ್ಯಾಯ.

ಆ ಅಳತೆಗೋಲು ರೂಪುಗೊಂಡದ್ದು ಬಹುಮಟ್ಟಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ. ಹ್ಯಾರಿ ಓಲ್ಸನ್ ಮತ್ತು ಹರ್ಬರ್ಟ್ ಬೆಲಾರ್ ಎಂಬ ಎಂಜಿನಿಯರುಗಳು ಆರ್‌ಸಿಎ ಕಂಪನಿಗಾಗಿ ರೂಪಿಸಿ, 1957ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನೆಲೆಗೊಳಿಸಿದ ಮಾರ್ಕ್ 2 ಯಂತ್ರವು ಒಂದು ಕೋಣೆಯನ್ನೇ ತುಂಬಿಕೊಂಡಿತ್ತು. ಸ್ವರದ ಎತ್ತರ, ಅವಧಿ, ಗಟ್ಟಿತನಗಳನ್ನೆಲ್ಲ ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆದು ಕೊಡಬೇಕಾಗಿತ್ತು. ಮನುಷ್ಯರ ಬೆರಳಿಗೆ ನಿಲುಕದ ಕರಾರುವಾಕ್ಕುತನವನ್ನೇ ಬಯಸಿದ್ದ ಮಿಲ್ಟನ್ ಬ್ಯಾಬಿಟ್ ಅವರಂಥ ಸಂಯೋಜಕರಿಗೆ ಅದು ವರವಾಯಿತಾದರೂ, ಒಂದೇ ಸ್ವರವು ತನ್ನ ಹುಟ್ಟಿನಿಂದ ಅಳಿವಿನವರೆಗೆ ಒಳಗೊಳಗೇ ಬಣ್ಣ ಬದಲಿಸುವ ಗುಣವನ್ನು ಹಿಡಿಯುವುದು ಅಂದಿನ ಯಂತ್ರಗಳಿಗೆ ಸುಲಭವಾಗಿರಲಿಲ್ಲ. ಅದೇ ಕೊಲಂಬಿಯಾದ ವ್ಲಾದಿಮಿರ್ ಉಸ್ಸಾಚೆವ್‌ಸ್ಕಿ 1965ರಲ್ಲಿ, ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಪಡೆದ ರಾಬರ್ಟ್ ಮೂಗ್ ಅವರಿಗೆ ಒಪ್ಪಿಸಿದ ಬೇಡಿಕೆ, ಅಂದರೆ ನಾದದ ಏರಿಕೆ, ಮೊದಲ ಇಳಿತ, ನಿಲುಗಡೆ, ಕೊನೆಯ ಇಳಿತ ಎಂಬ ನಾಲ್ಕು ಹಂತಗಳನ್ನು ಬೇರೆಬೇರೆಯಾಗಿ ಹಿಡಿತದಲ್ಲಿಡುವ ಮಂಡಲ, ಈ ಕೊರತೆಗೆ ಕೊಟ್ಟ ಒಂದು ಉತ್ತರ. ಇನ್ನೊಂದು ಉತ್ತರ ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಅವರದು. ಸ್ವರದ ಕಂಪನವನ್ನು ಇನ್ನೊಂದು ಅಲೆಯಿಂದ ಬಹುವೇಗವಾಗಿ ಅಲುಗಾಡಿಸಿದಾಗ ಅದು ಅಲುಗುವ ಸ್ವರವಾಗಿ ಕೇಳಿಸದೆ ಹೊಸದೊಂದು ಬಣ್ಣವಾಗಿ ಕೇಳಿಸುತ್ತದೆಂದು ಅವರು 1967ರಲ್ಲಿ ಕಂಡುಕೊಂಡರು. 1973ರಲ್ಲಿ ಪ್ರಕಟವಾದ ಈ ವಿಧಾನವನ್ನು ಯಮಾಹಾ ಕಂಪನಿ ಪಡೆದು 1983ರಲ್ಲಿ ಡಿಎಕ್ಸ್7 ಎಂಬ ವಾದ್ಯವಾಗಿ ಮಾರಿತು. ವಿಶ್ವವಿದ್ಯಾಲಯಕ್ಕೆ ಎರಡು ಕೋಟಿ ಡಾಲರ್‌ಗೂ ಮಿಕ್ಕಿದ ಆದಾಯ ಬಂತು. ಒಂದು ಸ್ವರದೊಳಗೆ ಬಣ್ಣವು ಹೊತ್ತಿನೊಂದಿಗೆ ಹೇಗೆ ಚಲಿಸುತ್ತದೆ ಎಂಬುದೇ ಸಿಂಥಸೈಜರಿನ ನಿಜವಾದ ಪರೀಕ್ಷೆಯೆಂದು ಈ ಚರಿತ್ರೆ ತೋರಿಸುತ್ತದೆ.

ಈ ಪರೀಕ್ಷೆಗೆ ತಂಬೂರಿಗಿಂತ ಕಠಿಣವಾದ ಪ್ರಶ್ನಪತ್ರಿಕೆ ಇರಲಾರದು. ತಂತಿಗಳನ್ನು ಹೊತ್ತಿರುವ ಅದರ ಕುದುರೆ ಚೂಪಾಗಿರದೆ ಅಗಲವಾಗಿ, ತುಸುವೇ ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ತೂರಿಸಿದ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿ ಜವಾರಿಯನ್ನು, ಅಂದರೆ ತಂಬೂರಿಯ ಝೇಂಕಾರವನ್ನು, ಕೂಡಿಸುತ್ತಾರೆ. ಮೀಟಿದ ತಂತಿ ಕುದುರೆಯ ಮೈಯನ್ನು ಮತ್ತೆಮತ್ತೆ ತಾಕುವುದರಿಂದ, ಮೂಲಸ್ವರದ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನವುಳ್ಳ ಉಪಸ್ವರಗಳು ಒಂದಾದಮೇಲೊಂದು ಬೆಳಗಿ ಮೆಲ್ಲಗೆ ಮಾಸುತ್ತವೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರ ಹುಟ್ಟಕೂಡದೆಂಬುದು ಪಾಶ್ಚಾತ್ಯ ಭೌತಶಾಸ್ತ್ರದ ಹಳೆಯ ನಿಯಮ. ವೀಣೆ ಮತ್ತು ತಂಬೂರಿಗಳು ಅದನ್ನು ಮೀರುತ್ತವೆಂದೂ, ಅದಕ್ಕೆ ಕುದುರೆಯ ರಚನೆಯೇ ಕಾರಣವೆಂದೂ ಸಿ. ವಿ. ರಾಮನ್ 1921ರಷ್ಟು ಹಿಂದೆಯೇ ಕಲ್ಕತ್ತೆಯಿಂದ ಪ್ರಕಟಿಸಿದ್ದರು. ಮಂದ್ರ ಷಡ್ಜದ ತಂತಿಯಿಂದ ಯಾರೂ ನುಡಿಸದೆ ಕೇಳಿಬರುವ ಸ್ವಯಂಭು ಗಾಂಧಾರ ಈ ಉಪಸ್ವರಗಳ ಪೈಕಿ ಐದರಷ್ಟು ಕಂಪನವುಳ್ಳದ್ದು. ಪಿಯಾನೊ ಮಾದರಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಕೀಬೋರ್ಡಿನ ಗಾಂಧಾರವು ಇದಕ್ಕಿಂತ ಸುಮಾರು 14 ಸೆಂಟ್, ಎಂದರೆ ಅರ್ಧಸ್ವರದ ಏಳನೆಯ ಒಂದು ಪಾಲು, ಮೇಲಿರುವುದರಿಂದ ಡಿಎಕ್ಸ್7ನಂಥ ಯಂತ್ರ ತಾನಾಗಿಯೇ ಗಾಯಕನ ನೆರವಿಗೆ ಬರುವಂತಿರಲಿಲ್ಲ.

ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೊರತಂದರು. ಅವರು ಎಚ್‌ಎಎಲ್‌ನಲ್ಲಿ ದುಡಿದ ಎಂಜಿನಿಯರ್, ಕೊಳಲು ವಾದಕರೂ ಹೌದು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ದೇಶದಾದ್ಯಂತ ಹರಡಿದವು. ಎಲ್ಲ ನಾದಗಳನ್ನೂ ಗೆಲ್ಲಹೊರಟ ವಿಶ್ವವಿದ್ಯಾಲಯಗಳ ಹಟವಿಲ್ಲದೆ ಒಂದೇ ನಾದದ ಒಂದೇ ಉಪಯೋಗವನ್ನು ಗುರಿಯಾಗಿಸಿಕೊಂಡದ್ದೇ ಈ ಪ್ರಯತ್ನದ ಜಾಣ್ಮೆ. ಹವೆಯ ತೇವಕ್ಕೆ ಇಳಿಯದ ಶ್ರುತಿ, ಪಂಚಮದ ತಂತಿಯನ್ನು ಮಧ್ಯಮಕ್ಕೋ ನಿಷಾದಕ್ಕೋ ತಿರುಗಿಸುವ ಗುಂಡಿ, ಮೀಟಿನ ವೇಗದ ಹಿಡಿತ, ಇವು ಒಂಟಿಯಾಗಿ ಸಾಧನೆಗೆ ಕುಳಿತವರಿಗೆ ಸಣ್ಣ ಉಪಕಾರವಲ್ಲ. ಶಿಷ್ಯರೊಬ್ಬರು ಹಿಂದೆ ಕುಳಿತು ಮೀಟುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಗುರುಕುಲದ ಸೊಬಗನ್ನು ಕೊಂಡಾಡುವವರು ಈ ಮಾತನ್ನು ಮರೆಯುತ್ತಾರೆ.

ಆದರೆ ನಾದದ ಪರೀಕ್ಷೆಯಲ್ಲಿ ಪೆಟ್ಟಿಗೆ ಅರ್ಧಕ್ಕೇ ನಿಲ್ಲುತ್ತದೆ. ಆರಂಭದ ಮಾದರಿಗಳ ಸದ್ದು ಮೀಟಿದೊಡನೆ ಜೋರಾಗಿ ಎದ್ದು ಕ್ರಮವಾಗಿ ತಗ್ಗುತ್ತದೆ, ಅಂದರೆ ಗಟ್ಟಿತನ ಬದಲಾಗುತ್ತದೆ. ಬಣ್ಣ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ನಿಜವಾದ ತಂಬೂರಿಯ ಧ್ವನಿಮುದ್ರಣವನ್ನೇ ಸ್ಮೃತಿಯಲ್ಲಿಟ್ಟು ನುಡಿಸುವ ನಂತರದ ಉಪಕರಣಗಳಲ್ಲಿ ಬಣ್ಣವೇನೋ ಚಲಿಸುತ್ತದೆ, ಆದರೆ ಪ್ರತಿ ಮೀಟಿನಲ್ಲೂ ಅದೇ ಚಲನೆ. ಹಿಂದಿನ ಮೀಟಿನ ಕಂಪನ ಇನ್ನೂ ಉಳಿದಿರುವಾಗಲೇ ಬೀಳುವ ಮುಂದಿನ ಮೀಟು ಅದರೊಡನೆ ಕೂಡಿ ಹುಟ್ಟಿಸುವ ಸಣ್ಣ ವ್ಯತ್ಯಾಸಗಳಿಗೆ ಅಲ್ಲಿ ಎಡೆಯಿಲ್ಲ. ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ತಂಬೂರಿಯನ್ನು ಶ್ರುತಿಗೂಡಿಸುವುದೇ ವಿದ್ಯಾರ್ಥಿಯ ಕಿವಿಗೆ ಮೊದಲ ಪಾಠವಾಗಿತ್ತು. ಗುಂಡಿ ಅದನ್ನು ಐಚ್ಛಿಕವಾಗಿಸಿತು.

ದೋಷವನ್ನು ತಯಾರಕರ ಮೇಲಷ್ಟೇ ಹೊರಿಸುವುದು ಅನ್ಯಾಯ; ನಮ್ಮ ವಿದ್ಯಾಸಂಸ್ಥೆಗಳಿಗೂ ಅದರಲ್ಲಿ ಪಾಲಿದೆ. ಸಮಸ್ಯೆಯನ್ನು ರಾಮನ್ ಬಿಡಿಸಿಟ್ಟಿದ್ದರು. ಮೀಟುವ ತಂತಿಯನ್ನು ಅಗ್ಗದ ಲೆಕ್ಕಾಚಾರದಲ್ಲಿ ಕಟ್ಟುವ ವಿಧಾನವನ್ನು ಸ್ಟ್ಯಾನ್‌ಫರ್ಡ್‌ನ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದರು. ಕಾತ್ರಜ–ಧನಕವಡಿಯಲ್ಲಿ ಭಾರತಿ ವಿದ್ಯಾಪೀಠದ ಎಂಜಿನಿಯರಿಂಗ್ ಕಾಲೇಜು ತೆರೆದದ್ದೂ ಅದೇ ವರ್ಷ. ಸಂಗೀತವನ್ನೂ ಕಲಿಸುವ ವಿದ್ಯಾಪೀಠವದು, ಭೀಮಸೇನ ಜೋಶಿಯವರು ನೆಲೆಸಿ ಹಾಡಿದ ನಗರವದು. ಹಾಗಿದ್ದೂ ಅಲ್ಲಿನ ಗಾಯನ ವಿದ್ಯಾರ್ಥಿಯ ಕೈಗೆ ಪೆಟ್ಟಿಗೆ ಬಂದದ್ದು ಬೆಂಗಳೂರಿನ ಒಂದು ಸಣ್ಣ ಉದ್ದಿಮೆಯಿಂದ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತಾದರೂ ಅದು ಪ್ರಯೋಗಶೀಲ ಸಂಯೋಜನೆಯ ದಾರಿ ಹಿಡಿಯಿತು, ಶ್ರುತಿಯ ದಾರಿಯನ್ನಲ್ಲ. ಬಾಗಿದ ಕುದುರೆಯನ್ನು ತಂತಿ ತಾಕುವ ಕ್ರಿಯೆಯನ್ನೂ ನೂಲಿನೆಳೆಯನ್ನೂ ಸಮೀಕರಣಗಳಲ್ಲಿ ಹಿಡಿದು, ತತ್‌ಕ್ಷಣದಲ್ಲೇ ನಾದವನ್ನು ಲೆಕ್ಕಹಾಕಬಲ್ಲ ತಂಬೂರಿಯ ಮಾದರಿಯೊಂದನ್ನು 2016ರಲ್ಲಿ ಮಂಡಿಸಿದವರು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು.