ಗೀರು ಮತ್ತು ಬೆಸುಗೆ

ಮೀನಿನ ತೊಟ್ಟಿಯ ಫಿಲ್ಟರಿನ ಪೆಟ್ಟಿಗೆಯಲ್ಲಿ ಏನನ್ನು ಯಾವ ಕ್ರಮದಲ್ಲಿ ತುಂಬಬೇಕೆಂಬ ವಿಚಾರವನ್ನು ಈ ವಾರ ಮುಗಿಸುವುದಾಗಿ ವಾಚಕರಿಗೆ ಮಾತು ಕೊಟ್ಟಿದ್ದೆನಾದರೂ ಅದನ್ನು ಮುಂದೂಡಲು ಅಪ್ಪಣೆ ಬೇಡುತ್ತೇನೆ. ಬೆಂಗಳೂರಿನಲ್ಲಿ ಕಚೇರಿಗಳೂ ಭೋಜನಗೃಹಗಳೂ ಸ್ಥಳ ಬದಲಾಯಿಸುವಾಗ ಬಿಟ್ಟುಹೋಗುವ ಆರಡಿ ಉದ್ದದ ಅಕ್ರಿಲಿಕ್ ತೊಟ್ಟಿಗಳು ಆಗಾಗ ಅಗ್ಗದ ಬೆಲೆಗೆ ದೊರೆಯುವುದುಂಟು; ಅಂತಹವನ್ನು ಕೊಂಡವರೂ ಕೊಳ್ಳಬೇಕೆಂದಿರುವವರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಮೈಯೆಲ್ಲ ಗೀರುಬಿದ್ದಿರುವ ತೊಟ್ಟಿಯನ್ನು ಮರಳಿ ನಿರ್ಮಲವಾಗಿಸುವ ಬಗೆ ಯಾವುದು? ಅದಕ್ಕೆ ಉತ್ತರವಿದೆ, ಹೇಳುತ್ತೇನೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ.

ಗೀರಿನ ಭಯವು ಬಹುಮಟ್ಟಿಗೆ ತೊಟ್ಟಿಯನ್ನು ಒಣಗಿದ ಸ್ಥಿತಿಯಲ್ಲಿ ನೋಡುವುದರಿಂದ ಹುಟ್ಟುವ ಭಯ. ಅಕ್ರಿಲಿಕ್ಕಿನ ವಕ್ರೀಭವನಾಂಕ 1.49, ನೀರಿನದು 1.33, ಗಾಳಿಯದು 1. ಗೀರಿನಲ್ಲಿ ಗಾಳಿ ತುಂಬಿರುವಾಗ ಅದರ ಅಂಚಿಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಪ್ರತಿಫಲಿಸಿ ಕಣ್ಣಿಗೆ ಚುಚ್ಚುತ್ತದೆ. ಅದೇ ಗೀರಿನಲ್ಲಿ ನೀರು ತುಂಬಿದಾಗ ಪ್ರತಿಫಲನವು ನೂರಕ್ಕೆ 0.3ರಷ್ಟಕ್ಕೆ ಇಳಿದು, ಸೂಕ್ಷ್ಮವಾದ ಗೀರುಗಳು ಇದ್ದೂ ಇಲ್ಲದಂತಾಗುತ್ತವೆ. ಆದುದರಿಂದ ಒಳಮೈಯ ಗೀರಿನ ಮೇಲೆ ಒದ್ದೆಯ ಬಟ್ಟೆಯನ್ನು ಒಮ್ಮೆ ಆಡಿಸಿ ನೋಡಿದರೆ ಸಾಕು. ಒದ್ದೆಯಾದೊಡನೆ ಮರೆಯಾಗುವ ಗೀರು ತೊಟ್ಟಿ ತುಂಬಿದ ಮೇಲೂ ಮರೆಯಾಗಿಯೇ ಇರುವುದು. ಅದನ್ನು ಉಜ್ಜಿ ತೆಗೆಯಹೊರಡುವುದು ವ್ಯರ್ಥಶ್ರಮ ಮಾತ್ರವಲ್ಲ, ಮೂಲೆಗಳ ಬಳಿ ಕೈ ತಪ್ಪಿದರೆ ಅಪಾಯವೂ ಹೌದು.

ಹೊರಮೈಯ ಮಾತು ಬೇರೆ. ಅಲ್ಲಿ ಎಂದೆಂದಿಗೂ ಗಾಳಿಯೇ ಇರುವುದರಿಂದ ಗೀರನ್ನು ತಿಕ್ಕಿಯೇ ತೆಗೆಯಬೇಕು. ಬಣ್ಣದಂಗಡಿಯವರು ವಾಟರ್ ಪೇಪರ್ ಎಂದು ಮಾರುವ ಉಪ್ಪುಕಾಗದವನ್ನು ಧಾರಾಳವಾಗಿ ನೀರು ಬಳಸುತ್ತ ಉಜ್ಜತಕ್ಕುದು. ಆಳವಾದ ಗೀರಿಗೆ 400ರಿಂದಲೂ ಉಳಿದುವಕ್ಕೆ 800ರಿಂದಲೂ ಆರಂಭಿಸಿ, 1000, 1500, 2000ದ ಕಾಗದಗಳನ್ನು ದಾಟಿ, ಕೊನೆಗೆ ಪ್ಲಾಸ್ಟಿಕ್ಕಿಗೆಂದೇ ತಯಾರಾದ ಪಾಲಿಶಿನಿಂದ ಮೃದುವಾದ ಬಟ್ಟೆಯಲ್ಲಿ ಮುಗಿಸಬೇಕು. ಒಂದು ಕಾಗದದಿಂದ ಇನ್ನೊಂದಕ್ಕೆ ಹೋಗುವಾಗ ಕೈಯಾಡಿಸುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿದರೆ, ಹಿಂದಿನ ಕಾಗದದ ಗೆರೆಗಳೆಲ್ಲ ಅಳಿದುವೇ ಇಲ್ಲವೇ ಎಂಬುದು ತಾನಾಗಿ ತಿಳಿಯುತ್ತದೆ. ಗೀರಿದ್ದ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು, ಅದರ ಮೂಲಕ ಕಾಣುವ ಮೀನು ವಕ್ರವಾಗಿ ತೋರುವುದರಿಂದ, ಸುತ್ತಲಿನ ವಿಶಾಲ ಭಾಗವನ್ನೂ ಸಮನಾಗಿ ತಿಕ್ಕುವುದು ಅವಶ್ಯ. ಆತುರದವರು ಯಂತ್ರವನ್ನು ಹಿಡಿಯುತ್ತಾರೆ. ಯಂತ್ರದ ಕಾವಿಗೆ ಅಕ್ರಿಲಿಕ್ ಮೆತ್ತಗಾಗಿ ಮಸುಕು ಹತ್ತುತ್ತದೆ. ಇನ್ನು ಸ್ಪಿರಿಟ್, ತಿನ್ನರ್, ಕಿಟಕಿಯ ಗಾಜು ಒರೆಸುವ ಅಮೋನಿಯಾ ದ್ರಾವಣ ಇವು ಮೂರನ್ನೂ ಮನೆಯಿಂದಲೇ ಹೊರಗಿಡುವುದು ಲೇಸು, ಏಕೆಂದರೆ ಇವುಗಳ ಸ್ಪರ್ಶಕ್ಕೆ ಅಕ್ರಿಲಿಕ್ಕಿನ ಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ, ಮೂಡಿದ ಮೇಲೆ ಹೋಗುವುದಿಲ್ಲ. ಕೊಳವೆಬಾವಿಯ ಗಡಸುನೀರು ಬಿಟ್ಟಿರುವ ಬಿಳಿಯ ಸುಣ್ಣದ ಕರೆಗೆ ನೀರು ಬೆರೆಸಿದ ವಿನೆಗರ್ ಸಾಕು.

ಇಷ್ಟು ಹೇಳಿದ ಮೇಲೆ ಗಾಜಿನ ಪಕ್ಷದವರು ಸುಮ್ಮನಿರುವುದಿಲ್ಲವೆಂದು ಬಲ್ಲೆ. ಅಕ್ರಿಲಿಕ್ಕೆಂದರೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕೆಂದರೆ ಹಳದಿಗಟ್ಟುವುದು, ನೀರಿಗೆ ವಿಷ ಬಿಡುವುದು ಎಂದು ಅವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬ್ಲೇಡಿನಿಂದ ಪಾಚಿ ಕೆರೆಯುವ ಅಭ್ಯಾಸವುಳ್ಳವರಿಗೆ ಗಾಜೇ ಸರಿ ಎಂಬ ಅವರ ಒಂದು ಮಾತನ್ನು ಒಪ್ಪುತ್ತೇನೆ, ಉಳಿದುದನ್ನು ಒಪ್ಪಲಾರೆ. ಒಳ್ಳೆಯ ಎರಕದ ಅಕ್ರಿಲಿಕ್ ಬೆಳಕಿನ ನೂರಕ್ಕೆ 92 ಪಾಲನ್ನು ದಾಟಿಸುತ್ತದೆ, ದಪ್ಪವಾದ ಸಾಮಾನ್ಯ ಗಾಜಿಗಿರುವ ಹಸುರು ಛಾಯೆ ಅದಕ್ಕಿಲ್ಲ. ಗಾಜಿನ ಸಾಂದ್ರತೆ 2.5 ಆದರೆ ಇದರದು 1.19. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯನ್ನು 12 ಮಿಲಿಮೀಟರ್ ಗಾಜಿನಲ್ಲಿ ಕಟ್ಟಿದರೆ ಬರಿಯ ತೊಟ್ಟಿಯೇ ಸುಮಾರು 120 ಕಿಲೋ ತೂಗುವುದು. ಅದೇ ದಪ್ಪದ ಅಕ್ರಿಲಿಕ್ಕಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಮಹಡಿಯ ಮೆಟ್ಟಿಲು ಹತ್ತಿಸುವವರ ಸೊಂಟಕ್ಕೆ ಈ ವ್ಯತ್ಯಾಸದ ಬೆಲೆ ಗೊತ್ತು.

ವಿಷದ ಆಪಾದನೆಗೆ ಉತ್ತರವು ಒಂದು ಸೊಗಸಾದ ಚರಿತ್ರೆಯಲ್ಲಿದೆ. ಪ್ರಕೃತ ವಿಷಯವನ್ನು ಬಿಟ್ಟಾದರೂ ಅದನ್ನು ಹೇಳದಿರಲಾರೆ. 1930ರ ದಶಕದಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂದೂ ಇಂಗ್ಲೆಂಡಿನಲ್ಲಿ ಪರ್ಸ್ಪೆಕ್ಸ್ ಎಂದೂ ಬಳಕೆಗೆ ಬಂದ ಈ ವಸ್ತು ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ವೈಮಾನಿಕರ ತಲೆಯ ಮೇಲಣ ಪಾರದರ್ಶಕ ಮುಚ್ಚಿಗೆಯಾಯಿತು. ಗುಂಡು ತಗುಲಿ ಮುಚ್ಚಿಗೆ ಸಿಡಿದಾಗ ಅದರ ಚೂರುಗಳು ಕೆಲವು ವೈಮಾನಿಕರ ಕಣ್ಣಿನೊಳಗೆ ಹೊಕ್ಕು ಉಳಿದುವು. ಹಾಗೆ ಉಳಿದ ಚೂರುಗಳ ಸುತ್ತ ಕಣ್ಣು ಕೆರಳದೆ ಶಾಂತವಾಗಿರುವುದನ್ನು ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿಯವರು ಗಮನಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಪೊರೆ ತೆಗೆದ ಕಣ್ಣಿನಲ್ಲಿ ಅದೇ ಜಾತಿಯ ಅಕ್ರಿಲಿಕ್ಕಿನ ಮಸೂರವನ್ನು ಮೊತ್ತಮೊದಲು ಇರಿಸಿದರು. ಕಣ್ಣಿನ ಪೊರೆಯ ಚಿಕಿತ್ಸೆಯಿಂದ ಇಂದು ದೃಷ್ಟಿಯನ್ನು ಮರಳಿ ಪಡೆಯುವ ನಮ್ಮ ಹಿರಿಯರೆಲ್ಲರೂ ಆ ಒಂದು ಸೂಕ್ಷ್ಮಾವಲೋಕನಕ್ಕೆ ಋಣಿಗಳು. ಮನುಷ್ಯನ ಕಣ್ಣೇ ಸಹಿಸಿಕೊಂಡ ದ್ರವ್ಯವನ್ನು ಮೀನಿನ ಪಾಲಿಗೆ ವಿಷವೆನ್ನುವವರು ತಮ್ಮ ಮಾತಿಗೆ ಆಧಾರವನ್ನು ತೋರಿಸಬೇಕು. ಹಳೆಯ ತೊಟ್ಟಿಯಲ್ಲಿ ವಿಷವಿರುವುದಾದರೆ ಅದು ಹಿಂದಿನವರು ಸುರಿದ ತಾಮ್ರದ ಔಷಧಗಳ ಶೇಷದಲ್ಲಿರಬಹುದು. ಹಳೆಯ ಮರಳನ್ನೂ ಕಲ್ಲುಗಳನ್ನೂ ತೊಟ್ಟಿಯೊಡನೆ ಉಚಿತವಾಗಿ ಕೊಟ್ಟರೂ ತೆಗೆದುಕೊಳ್ಳಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಕೊಳ್ಳುವವರು ಗೀರುಗಳನ್ನು ತೋರಿಸಿ ಬೆಲೆ ಇಳಿಸಲು ಚೌಕಾಸಿ ಮಾಡುತ್ತಾರೆ. ಬೆಸುಗೆಯ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಹಲಗೆಗಳನ್ನು ಹಿಡಿದಿರುವುದು ಸಿಲಿಕೋನ್ ಅಂಟು. ಅಕ್ರಿಲಿಕ್ಕಿನಲ್ಲಿಯಾದರೋ ದ್ರಾವಕವು ಎರಡು ಅಂಚುಗಳನ್ನೂ ಕರಗಿಸಿ ಒಂದಾಗಿಸಿರುತ್ತದೆ, ಅಲ್ಲಿ ಅಂಟೆಂಬುದೇ ಇಲ್ಲ. ಆ ಐಕ್ಯದಲ್ಲಿ ಬಿರುಕು ಹುಟ್ಟಿದರೆ ಮೇಲಿಂದ ಸಿಲಿಕೋನ್ ಸವರುವುದರಿಂದ ಏನೂ ಆಗದು, ಏಕೆಂದರೆ ಸಿಲಿಕೋನ್ ಅಕ್ರಿಲಿಕ್ಕನ್ನು ಬಲವಾಗಿ ಹಿಡಿಯುವುದಿಲ್ಲ. ಹೀಗಿದ್ದೂ ಸೋರುವ ತೊಟ್ಟಿಗೆ ಸಿಲಿಕೋನ್ ಬಳಿದು ಸರಿಯಾಯಿತೆಂದು ಮಾರುವ ಪದ್ಧತಿ ನಡೆದೇ ಇದೆ. ಹೊಸ ಸಿಲಿಕೋನಿನ ಗೆರೆ ಕಂಡ ಅಕ್ರಿಲಿಕ್ ತೊಟ್ಟಿಯನ್ನು ಕೊಳ್ಳದೆ ಹಿಂದಿರುಗುವುದೇ ಸರಿ. ಬೆಸುಗೆಯ ಉದ್ದಕ್ಕೂ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಅಲ್ಲಲ್ಲಿ ಸಣ್ಣ ಗುಳ್ಳೆಗಳು ಕಾಣಬಹುದು. ಅವು ಕಟ್ಟುವಾಗಲೇ ಉಳಿದ ಗುಳ್ಳೆಗಳಾಗಿದ್ದು ಬೆಳೆಯದೆ ಇದ್ದರೆ ಚಿಂತೆಯಿಲ್ಲ. ಬೆಸುಗೆಯಿಂದ ಹಲಗೆಯೊಳಕ್ಕೆ ಗರಿಯಂತೆ ಕವಲೊಡೆದು ಹೊಳೆಯುವ ಬಿಳಿಯ ರೇಖೆಗಳು ಕಂಡರೆ ಮಾತ್ರ ಆ ತೊಟ್ಟಿಯ ಆಯುಸ್ಸು ಮುಗಿಯಿತೆಂದೇ ತಿಳಿಯತಕ್ಕುದು. ಮೇಲ್ಭಾಗದ ಪಟ್ಟಿಯನ್ನು ಹಿಂದಿನವರು ಕೈಹಾಕಲು ಅನುಕೂಲವಾಗಲೆಂದು ಕೊಯ್ದಿದ್ದಾರೆಯೇ ಎಂಬುದನ್ನೂ ನೋಡಬೇಕು. ಎರಡಡಿ ಎತ್ತರ ತುಂಬಿದ ನೀರು ಆರಡಿಯ ಮುಂಭಾಗವನ್ನು ಒಟ್ಟು ಸುಮಾರು 340 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ, ಅದನ್ನು ತಡೆದಿರುವುದರಲ್ಲಿ ಆ ಪಟ್ಟಿಯ ಪಾಲು ದೊಡ್ಡದು.

ಬರ್ಲಿನ್ನಿನ ಹೋಟೆಲೊಂದರ ಅಂಗಳದಲ್ಲಿ ನಿಂತಿದ್ದ ಅಕ್ವಾಡೋಮ್ ಎಂಬ ಮಹಾಸ್ತಂಭವನ್ನು ಇಲ್ಲಿ ನೆನೆಯದೆ ಗತ್ಯಂತರವಿಲ್ಲ. ಸುಮಾರು ಹತ್ತು ಲಕ್ಷ ಲೀಟರ್ ನೀರನ್ನೂ 1500ರಷ್ಟು ಮೀನುಗಳನ್ನೂ ಧರಿಸಿದ್ದ ಆ ಅಕ್ರಿಲಿಕ್ ಸ್ತಂಭವು 2022ರ ಡಿಸೆಂಬರ್ 16ರ ಬೆಳಗಿನ ಜಾವ ಒಮ್ಮೆಗೇ ಒಡೆದುಹೋಯಿತು. ಕೆಲವೇ ವರ್ಷಗಳ ಹಿಂದೆ ಅದನ್ನು ಬರಿದುಮಾಡಿ ನವೀಕರಿಸಲಾಗಿತ್ತು. ತಜ್ಞರ ತನಿಖೆ ಒಂದೇ ಕಾರಣವನ್ನು ನಿಶ್ಚಯಿಸಲಾರದೆ ಹೋಯಿತಾದರೂ, ಪರಿಶೀಲಿಸಿದ ಸಾಧ್ಯತೆಗಳಲ್ಲಿ ಬೆಸುಗೆಯ ವೈಫಲ್ಯವೂ ನವೀಕರಣಕಾಲದಲ್ಲಿ ಅಕ್ರಿಲಿಕ್ ಒಣಗಿದುದೂ ಸೇರಿದ್ದುವು. ಅಕ್ರಿಲಿಕ್ ನಿಧಾನವಾಗಿ ನೀರನ್ನು ಹೀರಿಕೊಳ್ಳುವ ವಸ್ತು; ವರ್ಷಗಟ್ಟಲೆ ಒಳಗಿನಿಂದ ತೊಯ್ದುದು ಏಕಾಏಕಿ ಒಣಗಿದಾಗ ಅದರೊಳಗೆ ಬಿಗುವು ಹುಟ್ಟುತ್ತದೆ. ನಮ್ಮ ಆರಡಿಯ ತೊಟ್ಟಿ ಆ ಪ್ರಮಾಣದ್ದಲ್ಲ, ಆದರೆ ದ್ರವ್ಯದ ಸ್ವಭಾವ ಒಂದೇ. ಹಳೆಯ ತೊಟ್ಟಿಯನ್ನು ತಾರಸಿಯ ಬಿಸಿಲಿನಲ್ಲಿ ಒಣಹಾಕಬಾರದು. ನೆಲಮಹಡಿಯಲ್ಲಿ, ಹೊರಗೆ, ನೆರಳಿನಲ್ಲಿರಿಸಿ, ದಿನಕ್ಕೆ ಕಾಲುಭಾಗದಂತೆ ನೀರೇರಿಸುತ್ತ, ತುಂಬಿದ ಮೇಲೆ ಒಂದು ವಾರವಾದರೂ ಬಿಟ್ಟು, ನಿತ್ಯವೂ ಬೆಸುಗೆಗಳನ್ನು ನೋಡಬೇಕು. ಈ ಪರೀಕ್ಷೆಯನ್ನು ದಾಟದ ತೊಟ್ಟಿ ಮನೆಯೊಳಕ್ಕೆ ಬರಕೂಡದು.

ಪೀಠದ ವಿಷಯವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಕ್ರಿಲಿಕ್ ತೊಟ್ಟಿಯ ತಳವೆಲ್ಲವೂ ಸಮತಟ್ಟಾದ ಪ್ಲೈವುಡ್ಡಿನ ಮೇಲೆ ಕುಳಿತಿರಬೇಕು, ಅಂಚಿನ ಮೇಲಷ್ಟೇ ನಿಲ್ಲಿಸಕೂಡದು. ರಸಮಟ್ಟವಿಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡತಕ್ಕುದು. ಈ ಅಳತೆಯ ತೊಟ್ಟಿಯಲ್ಲಿ ನೀರೇ 680 ಕಿಲೋ. ವಾಸದ ಮನೆಯ ನೆಲಕ್ಕೆ ನಮ್ಮ ದೇಶದ ಮಾನದಂಡ ನಿಗದಿಮಾಡಿರುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ತೊಟ್ಟಿ ತನ್ನ ಕೆಳಗಿನ ನೆಲದ ಮೇಲೆ ಹೇರುವುದು ಅದರ ಮೂರು ಪಟ್ಟಿಗೂ ಮಿಗಿಲು. ಮಹಡಿಯ ಮನೆಯವರು ತೊಲೆ ಹಾಯ್ದಿರುವ ಗೋಡೆಯ ಪಕ್ಕದ ಸ್ಥಳವನ್ನೇ ಆರಿಸಿ, ಕಟ್ಟಡದ ಎಂಜಿನಿಯರನ್ನು ಕೇಳಿ ಮುಂದುವರಿಯಲಿ.

ನೀರು ತುಂಬಿದ ಮರುದಿನವೇ ಮೀನು ತರುವವರಿಗೆ ನಾನು ಸದಾ ಹೇಳುವುದು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞರ ಪ್ರಬಂಧವನ್ನು. ಲಂಡನ್ನಿನ ಈ ಮಹನೀಯರು 1849ರಲ್ಲಿ 12 ಗ್ಯಾಲನ್ನಿನ ಗಾಜಿನ ಪಾತ್ರೆಯೊಂದರಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನೂ ಇರಿಸಿದರು. ಸಸ್ಯ ಚೆನ್ನಾಗಿಯೇ ಬೆಳೆಯಿತು, ಆದರೆ ಅದರ ಹಣ್ಣೆಲೆಗಳು ಕೊಳೆತು ನೀರು ಕದಡಿ ಹಸುರು ಲೋಳೆ ಹಬ್ಬತೊಡಗಿತು. ಅವರು ನೀರನ್ನು ಚೆಲ್ಲಿ ಹೊಸದಾಗಿ ಆರಂಭಿಸಲಿಲ್ಲ. ಕೊಳದ ಬಸವನಹುಳುಗಳನ್ನು ತಂದುಬಿಟ್ಟರು. ಹುಳುಗಳು ಕೊಳೆತುದನ್ನು ತಿಂದುವು, ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದುವು, ನೀರು ತಿಳಿಯಾಯಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಅವರು ಓದಿದ ಆ ಕಿರುಪ್ರಬಂಧದಷ್ಟು ಪ್ರಯೋಜನಕರವಾದ ಬರಹ ನಮ್ಮ ಹವ್ಯಾಸದಲ್ಲಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ದೊಡ್ಡ ತೊಟ್ಟಿ ದೊರೆತ ಮಾತ್ರಕ್ಕೆ ನೀರು ಹೀಗೆ ಹದಗೊಳ್ಳಲು ಬೇಕಾದ ಕಾಲವನ್ನು ಹಾರಿಹೋಗಲು ಬಾರದು. ಅಮೋನಿಯಾ, ನೈಟ್ರೈಟುಗಳೆರಡೂ ಸೊನ್ನೆಗಿಳಿಯುವವರೆಗೆ, ಅಂದರೆ ನಾಲ್ಕರಿಂದ ಆರು ವಾರ, ಕಾಯಲೇಬೇಕು.

ಕಾದ ಬಳಿಕ ಯಾವ ಮೀನು? ಇಷ್ಟುದ್ದದ ನೀರನ್ನು ಒಂಟಿ ಅರೋವಾನಕ್ಕೆ ಬಿಟ್ಟುಕೊಟ್ಟು ಮನೆಗೆ ಅದೃಷ್ಟ ಬಂದಿತೆಂದು ತಿಳಿಯುವ ಪರಿಪಾಠ ನನಗೆ ಒಪ್ಪಿಗೆಯಾಗುವುದಿಲ್ಲ. ಕೇರಳದ ಮತ್ತು ದಕ್ಷಿಣ ಕರ್ನಾಟಕದ ತೊರೆಗಳಲ್ಲಿ ಹುಟ್ಟಿ, 1865ರಲ್ಲಿ ಫ್ರಾನ್ಸಿಸ್ ಡೇಯವರಿಂದ ವರ್ಣಿತವಾಗಿ, ಮದರಾಸಿನ ಗವರ್ನರಾಗಿದ್ದ ಡೆನಿಸನ್ನರ ಹೆಸರು ಹೊತ್ತು, ವ್ಯಾಪಾರದಲ್ಲಿ ಮಿಸ್ ಕೇರಳ ಎನಿಸಿಕೊಂಡಿರುವ ಕೆಂಪುಗೆರೆಯ ಮೀನು ಗುಂಪಾಗಿ ಈಜಲು ಬೇಕಾದ ಉದ್ದ ಸರಿಯಾಗಿ ಈ ಆರಡಿಯೇ. ತಂಪು ನೀರನ್ನೂ ಹರಿವನ್ನೂ ಬಯಸುವ ಅದಕ್ಕೆ ಬೆಂಗಳೂರಿನ ಹವೆ ವರ್ಷದ ಬಹುಕಾಲ ಹೀಟರಿನ ಹಂಗಿಲ್ಲದೆ ಒಗ್ಗುತ್ತದೆ. ಆದರೆ ತೊರೆಗಳಿಂದ ಲೆಕ್ಕವಿಲ್ಲದೆ ಹಿಡಿದು ಮಾರಿದುದರಿಂದ ಅದು ಈಗ ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಸಾಕಣೆಯಲ್ಲಿ ಅದರ ಮರಿ ಮಾಡಿಸುವುದು ಸಾಧ್ಯವಾಗಿದೆ. ವಾಚಕರು ಅಂಗಡಿಯವರನ್ನು ಕೇಳಿ, ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೊಳ್ಳಬೇಕೆಂದೂ, ಹೊಳೆಯಿಂದ ಹಿಡಿದುದೆಂದು ತಿಳಿದರೆ ಬೆಲೆ ಎಷ್ಟೇ ಕಡಿಮೆಯಿರಲಿ ಬೇಡವೆನ್ನಬೇಕೆಂದೂ ಬೇಡಿಕೊಳ್ಳುತ್ತೇನೆ.