ದಿನಚರಿಯೂ ಬಾಗಿಲಲ್ಲಿ ನಿಂತವರೂ

ಕನ್ನಡದಲ್ಲಿ ‘ದಿನಚರಿ’ ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ದಿನವನ್ನು ಹೀಗೆ ಕಳೆಯಬೇಕೆಂದು ಮೊದಲೇ ಗೊತ್ತುಮಾಡಿಕೊಂಡ ಕ್ರಮವೂ ದಿನಚರಿಯೇ. ದಿನ ಮುಗಿದ ಮೇಲೆ ಅದು ಹೇಗೆ ಕಳೆಯಿತೆಂದು ಬರೆದಿಟ್ಟ ಪುಸ್ತಕವೂ ದಿನಚರಿಯೇ. ಒಂದು ಸಂಕಲ್ಪ, ಇನ್ನೊಂದು ಲೆಕ್ಕ. ಈ ಎರಡಕ್ಕೂ ತಾಳೆ ಬೀಳುವುದು ಅಪರೂಪವೆಂಬುದು ಎಲ್ಲರ ಅನುಭವ. ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಯು ಕೆಂಪು, ನೀಲಿ ಶಾಯಿಗಳಲ್ಲಿ ಬರೆದು ಗೋಡೆಗೆ ಅಂಟಿಸುವ ವೇಳಾಪಟ್ಟಿಗೂ, ಗೃಹಸ್ಥನು ಹೊಸ ವರ್ಷದ ಡೈರಿಯ ಮೊದಲ ಹಾಳೆಗಳಲ್ಲಿ ತುಂಬುವ ಕೆಲಸಗಳ ಪಟ್ಟಿಗೂ ಆಯುಸ್ಸು ಸಾಮಾನ್ಯವಾಗಿ ಎರಡು ವಾರ. ಈಗ ಡೈರಿಯ ಕೆಲಸವನ್ನು ಜೇಬಿನಲ್ಲಿರುವ ಫೋನು ವಹಿಸಿಕೊಂಡಿದೆ. ಅದು ಗಂಟೆಗೊಮ್ಮೆ ಸದ್ದುಮಾಡಿ ಮಾಡದ ಕೆಲಸವನ್ನು ನೆನಪಿಸುತ್ತದೆ. ನೆನಪಿಸಿದ ಮಾತ್ರಕ್ಕೆ ಕೆಲಸ ಆಗಿಬಿಡುತ್ತದೆಂದು ಯಾರೂ ಹೇಳಲಾರರು.

ಪುಸ್ತಕದ ಅಂಗಡಿಗಳಲ್ಲಿ ಕಾಲವನ್ನು ಆಳುವ ವಿದ್ಯೆಯನ್ನು ಕಲಿಸುವ ಪುಸ್ತಕಗಳಿಗೆ ಈಗ ಪ್ರತ್ಯೇಕ ಕಪಾಟೇ ಉಂಟು. ಅವುಗಳಲ್ಲಿ ಹೆಸರಾದದ್ದು ಡೇವಿಡ್ ಅಲೆನ್ ಎಂಬ ಅಮೆರಿಕದ ಲೇಖಕ 2001ರಲ್ಲಿ ಪ್ರಕಟಿಸಿದ ಪುಸ್ತಕ. ಮಾಡಬೇಕಾದದ್ದನ್ನೆಲ್ಲ ತಲೆಯಿಂದ ಹೊರತೆಗೆದು ನಂಬಿಕೆಗೆ ಅರ್ಹವಾದ ಪಟ್ಟಿಗೆ ಇಳಿಸಬೇಕು, ಎರಡು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಅಲ್ಲೇ ಮುಗಿಸಬೇಕು, ವಾರಕ್ಕೊಮ್ಮೆ ಪಟ್ಟಿಯನ್ನೆಲ್ಲ ತಿರುವಿಹಾಕಬೇಕು ಎಂಬುದು ಅವರ ಉಪದೇಶದ ಸಾರ. ಉಪದೇಶ ಒಳ್ಳೆಯದೇ. ಆದರೆ ಈ ಬಗೆಯ ಬರವಣಿಗೆಗೆ ಒಂದು ಪರಂಪರೆಯಿದೆ. ಅದರಲ್ಲಿ ನಿಜವಾದ ಸಾಹಿತ್ಯಗುಣವುಳ್ಳ ಪುಟಗಳೂ ಇವೆ. ದಿನದ ವೇಳಾಪಟ್ಟಿಯನ್ನು ಬರೆಯುವವನು ತನಗರಿವಿಲ್ಲದೆಯೇ ತನ್ನ ಚಿತ್ರವನ್ನು ಬರೆಯುತ್ತಾನೆ. ಯಾವುದಕ್ಕೆ ಮೊದಲ ಗಂಟೆ ಕೊಟ್ಟ, ಯಾವುದನ್ನು ಮರೆತ, ಕರೆಯದೆ ಬಂದವನಿಗೆ ಎಲ್ಲಿ ಜಾಗ ಮಾಡಿದ ಎಂಬುದರಲ್ಲಿ ಅವನ ಸ್ವಭಾವ ಬಯಲಾಗುತ್ತದೆ. ಈ ದೃಷ್ಟಿಯಿಂದ ಮೂರು ಗ್ರಂಥಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಒಂದು ರಾಜನಿಗಾಗಿ ಬರೆದದ್ದು, ಒಂದು ಮುದ್ರಕನದು, ಇನ್ನೊಂದು ಅಂಚೆ ಇಲಾಖೆಯ ಅಧಿಕಾರಿಯದು.

ಹಳೆಯದು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಇತರರ ಉಲ್ಲೇಖಗಳಿಂದಲೇ ತಿಳಿದಿದ್ದ ಈ ಗ್ರಂಥ ಮತ್ತೆ ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿ ಎಂಬುದು ಹೆಮ್ಮೆಯ ಸಂಗತಿ. ಅಲ್ಲಿಯ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯ ಪ್ರತಿಯಿಂದ ಮೂಲವನ್ನು 1909ರಲ್ಲಿ ಅಚ್ಚುಮಾಡಿಸಿದರು. ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಪುಸ್ತಕವಾಗಿ ಬಂದಿತು. ಮೊದಲನೆಯ ಅಧಿಕರಣದ 19ನೆಯ ಅಧ್ಯಾಯದಲ್ಲಿ ರಾಜನ ದಿನಚರಿ ಇದೆ. ಹಗಲನ್ನು 8 ಭಾಗ, ಇರುಳನ್ನು 8 ಭಾಗ ಮಾಡಬೇಕು. ಅಳತೆಗೆ ನಾಳಿಕೆ ಅಥವಾ ನೆರಳು. ಒಂದೊಂದು ಭಾಗವೂ ಸುಮಾರು ಒಂದೂವರೆ ಗಂಟೆ. ಹಗಲಿನ ಮೊದಲ ಭಾಗದಲ್ಲಿ ರಕ್ಷಣೆಯ ಏರ್ಪಾಡು ಮತ್ತು ಆಯವ್ಯಯದ ವರದಿ. ಎರಡನೆಯದರಲ್ಲಿ ಪೌರಜಾನಪದರ ಅಹವಾಲು. ಮೂರನೆಯದರಲ್ಲಿ ಸ್ನಾನ, ಭೋಜನ, ಅಧ್ಯಯನ. ಹೀಗೆ ಖಜಾನೆ, ಮಂತ್ರಿಗಳು, ಗೂಢಚಾರರು, ಆನೆ ಕುದುರೆಗಳು, ಸೇನಾಪತಿ ಎಂದು ಸಾಗಿ, ಸಂಜೆ ಸಂಧ್ಯೋಪಾಸನೆಗೆ ನಿಲ್ಲುತ್ತದೆ. ಇರುಳಿನಲ್ಲಿ ಮತ್ತೆ ಗೂಢಚಾರರು. ನಿದ್ರೆಗೆಂದು ಇರುವುದು ನಾಲ್ಕನೆಯ ಮತ್ತು ಐದನೆಯ ಭಾಗಗಳು. ಹಾಸಿಗೆಗೆ ಹೋಗುವ ಮೂರನೆಯ ಭಾಗವನ್ನು ಪೂರ್ತಿ ಸೇರಿಸಿದರೂ ಐದು ಗಂಟೆ ತುಂಬದು. ಆರನೆಯ ಭಾಗದಲ್ಲಿ ವಾದ್ಯಘೋಷದಿಂದ ಎದ್ದು, ಶಾಸ್ತ್ರವನ್ನೂ ಅಂದು ಮಾಡಬೇಕಾದದ್ದನ್ನೂ ಚಿಂತಿಸಬೇಕು.

ಇಷ್ಟನ್ನೇ ಓದಿದವರಿಗೆ ಇದು ಮನುಷ್ಯನಿಗಾಗಿ ಬರೆದದ್ದಲ್ಲ, ಗಡಿಯಾರಕ್ಕಾಗಿ ಬರೆದದ್ದು ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಕೌಟಿಲ್ಯ ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಪಟ್ಟಿ ಮುಗಿದೊಡನೆಯೇ, ರಾಜನು ತನ್ನ ಶಕ್ತಿಗೆ ಹೊಂದುವಂತೆ ಹಗಲಿರುಳನ್ನು ಬೇರೆ ರೀತಿಯಾಗಿಯೂ ಹಂಚಿಕೊಳ್ಳಬಹುದೆಂದು ಹೇಳಿಬಿಡುತ್ತಾನೆ. ಅಷ್ಟು ಬಿಗಿಯಾಗಿ ಕಟ್ಟಿದ ಕಟ್ಟನ್ನು ಒಂದು ಸಣ್ಣ ವಾಕ್ಯದಲ್ಲಿ ಸಡಿಲಿಸುವ ಈ ಧೈರ್ಯ ಶಾಸ್ತ್ರಕಾರರಲ್ಲಿ ಸುಲಭವಾಗಿ ಕಾಣುವಂಥದಲ್ಲ. ಸಡಿಲಿಸದ ವಿಷಯ ಒಂದೇ. ಕೆಲಸಕ್ಕಾಗಿ ಬಂದವರನ್ನು ಬಾಗಿಲಲ್ಲಿ ಕಾಯಿಸಬಾರದು. ಜನರ ಕಣ್ಣಿಗೆ ಬೀಳದ ರಾಜನಿಂದ ಅವನ ಸಮೀಪವರ್ತಿಗಳು ಕಾರ್ಯವನ್ನು ಅಕಾರ್ಯವಾಗಿ, ಅಕಾರ್ಯವನ್ನು ಕಾರ್ಯವಾಗಿ ಮಾಡಿಸುತ್ತಾರೆ. ಅದರಿಂದ ಪ್ರಜೆಗಳು ಮುನಿಯುತ್ತಾರೆ, ಇಲ್ಲವೆ ರಾಜನು ಶತ್ರುವಿನ ವಶವಾಗುತ್ತಾನೆ. ದೇವತೆಗಳ, ಆಶ್ರಮಗಳ ಕಾರ್ಯದಿಂದ ಹಿಡಿದು ಬಾಲರು, ವೃದ್ಧರು, ರೋಗಿಗಳು, ಅನಾಥರು, ಸ್ತ್ರೀಯರವರೆಗೆ ಯಾರದನ್ನು ಯಾವ ಕ್ರಮದಲ್ಲಿ ವಿಚಾರಿಸಬೇಕೆಂದು ಹೇಳಿ, ಕಾರ್ಯದ ಗುರುತ್ವವನ್ನೋ ತುರ್ತನ್ನೋ ನೋಡಿ ಆ ಕ್ರಮವನ್ನೂ ಬದಲಿಸಬಹುದು ಎನ್ನುತ್ತಾನೆ. ತುರ್ತಿನ ಕೆಲಸವನ್ನು ಕೂಡಲೇ ಕೇಳಬೇಕು. ಮುಂದೆ ಹಾಕಿದ್ದು ಕಷ್ಟಸಾಧ್ಯವಾಗುತ್ತದೆ, ಇಲ್ಲವೆ ಅಸಾಧ್ಯವೇ ಆಗುತ್ತದೆ. ಕಠಿಣನೆಂದು ಹೆಸರಾದ ಈ ಶಾಸ್ತ್ರಕಾರನು ನಿದ್ರೆಯ ಗಂಟೆಯನ್ನು ರಾಜನ ಶಕ್ತಿಗೆ ಬಿಟ್ಟು, ಬಾಗಿಲಲ್ಲಿ ನಿಂತವನ ಹಕ್ಕನ್ನು ಮಾತ್ರ ಯಾರ ಇಚ್ಛೆಗೂ ಬಿಡಲಿಲ್ಲ. ಅವನ ದಿನಚರಿಯ ತಿರುಳು ಇಲ್ಲಿದೆ.

ಎರಡನೆಯದು ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆ. 1771ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಬರೆಯತೊಡಗಿದ ಫ್ರಾಂಕ್ಲಿನ್ ಎರಡನೆಯ ಭಾಗವನ್ನು 1784ರಲ್ಲಿ ಫ್ರಾನ್ಸಿನ ಪಾಸಿಯಲ್ಲಿದ್ದಾಗ ಬರೆದ. ಯೌವನದಲ್ಲಿ ಫಿಲಡೆಲ್ಫಿಯದ ಮುದ್ರಕನಾಗಿದ್ದಾಗ ಕೈಗೊಂಡ ಒಂದು ಸಾಹಸವನ್ನು ಅಲ್ಲಿ ವರ್ಣಿಸುತ್ತಾನೆ. ಮಿತಾಹಾರದಿಂದ ವಿನಯದವರೆಗೆ 13 ಗುಣಗಳನ್ನು ಪಟ್ಟಿಮಾಡಿದ. ಚಿಕ್ಕ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆಯೆಳೆದು, ವಾರದ ಏಳು ದಿನಗಳಿಗೆ ಏಳು ಮನೆ ಮಾಡಿ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ ಇಡುತ್ತ ಬಂದ. ವಾರಕ್ಕೆ ಒಂದು ಗುಣದ ಮೇಲೆ ಹೆಚ್ಚಿನ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಚುಕ್ಕೆಗಳನ್ನು ಅಳಿಸಿ ಅಳಿಸಿ ಹಾಳೆ ತೂತಾದ ಮೇಲೆ ದಂತದ ಹಾಳೆಗಳ ಮೇಲೆ ಬರೆದು ಒದ್ದೆ ಸ್ಪಂಜಿನಿಂದ ಒರೆಸತೊಡಗಿದನಂತೆ. ‘ಕ್ರಮ’ ಎಂಬ ಗುಣಕ್ಕಾಗಿ 24 ಗಂಟೆಗಳ ಒಂದು ವೇಳಾಪಟ್ಟಿಯೂ ಇತ್ತು. ಐದಕ್ಕೆ ಏಳುವುದು, ಎಂಟರಿಂದ ಹನ್ನೆರಡು ಕೆಲಸ, ಎರಡು ಗಂಟೆ ಓದು, ಲೆಕ್ಕ ಮತ್ತು ಊಟ, ಆರರವರೆಗೆ ಮತ್ತೆ ಕೆಲಸ, ಬಳಿಕ ವಸ್ತುಗಳನ್ನು ಅವುಗಳ ಸ್ಥಾನದಲ್ಲಿಡುವುದು, ಸಂಗೀತ, ಮಾತುಕತೆ, ಹತ್ತಕ್ಕೆ ನಿದ್ರೆ. ಇಂದು ಯಾವ ಒಳ್ಳೆಯದನ್ನು ಮಾಡಲಿ ಎಂದು ಬೆಳಗ್ಗೆ ಒಂದು ಪ್ರಶ್ನೆ. ಯಾವ ಒಳ್ಳೆಯದನ್ನು ಮಾಡಿದೆ ಎಂದು ಸಂಜೆ ಇನ್ನೊಂದು. ನಮ್ಮ ಮಾತಿನ ಎರಡು ಅರ್ಥಗಳೂ ಇಲ್ಲಿ ಒಂದೇ ಹಾಳೆಯಲ್ಲಿ ಕೂಡಿವೆ.

ಈ ಪಟ್ಟಿಯನ್ನು ಕಂಡು ಕೆರಳಿದವರಲ್ಲಿ ಮುಖ್ಯನಾದವನು ಕಾದಂಬರಿಕಾರ ಡಿ. ಎಚ್. ಲಾರೆನ್ಸ್. ಅಮೆರಿಕದ ಸಾಹಿತ್ಯವನ್ನು ಕುರಿತು 1923ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅಳತೆಗೆ ಸಿಕ್ಕದ ಮನುಷ್ಯನ ಅಂತರಂಗಕ್ಕೆ ಬೇಲಿ ಕಟ್ಟಹೊರಟವನೆಂದು ಫ್ರಾಂಕ್ಲಿನ್ನನನ್ನು ಅವನು ಹೀಯಾಳಿಸಿದ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಸದ್ಗುಣವನ್ನು ಜಮಾಖರ್ಚಿನ ಪುಸ್ತಕದಲ್ಲಿ ಬರೆಯುವವನ ಮೇಲೆ ಯಾರಿಗೂ ಕೊಂಚ ಅನುಮಾನ ಬರುವುದು ಸಹಜ. ಆದರೆ ಲಾರೆನ್ಸನು ಪಟ್ಟಿಯನ್ನು ಜಗ್ಗಾಡಿದ ಭರದಲ್ಲಿ, ಪಟ್ಟಿಯ ಬಳಿಕ ಬರುವ ಪುಟಗಳಿಗೆ ಸಲ್ಲಬೇಕಾದ ಬೆಲೆ ಸಲ್ಲಲಿಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಫ್ರಾಂಕ್ಲಿನ್ ತನ್ನ ಸೋಲನ್ನು ತಾನೇ ಹೇಳಿಕೊಳ್ಳುತ್ತಾನೆ. ಹದಿಮೂರರಲ್ಲಿ ಅವನನ್ನು ಹೆಚ್ಚು ಕಾಡಿದ್ದು ‘ಕ್ರಮ’ವೇ. ಅದಕ್ಕೆ ಅವನು ಕೊಡುವ ಕಾರಣ ಗಮನಿಸತಕ್ಕದ್ದು: ಕೂಲಿಗೆ ದುಡಿಯುವ ಮುದ್ರಕ ಇಂಥ ವೇಳಾಪಟ್ಟಿಯನ್ನು ಪಾಲಿಸಬಹುದು, ಯಜಮಾನನಾದವನು ಲೋಕದೊಡನೆ ಬೆರೆಯಬೇಕು, ವ್ಯವಹಾರಕ್ಕೆ ಬಂದವರನ್ನು ಅವರು ಬಂದ ಹೊತ್ತಿನಲ್ಲೇ ಕಾಣಬೇಕು. ಕೌಟಿಲ್ಯನ ಬಾಗಿಲಲ್ಲಿ ನಿಂತಿದ್ದವನೇ ಫಿಲಡೆಲ್ಫಿಯದ ಅಚ್ಚುಕೂಟದ ಬಾಗಿಲಲ್ಲೂ ನಿಂತಿದ್ದಾನೆ!

ಇಲ್ಲಿ ಫ್ರಾಂಕ್ಲಿನ್ ಒಂದು ಕಥೆ ಹೇಳುತ್ತಾನೆ. ಒಬ್ಬನು ಕಮ್ಮಾರನಿಂದ ಕೊಡಲಿ ಕೊಂಡು, ಅಂಚು ಹೊಳೆಯುವಂತೆ ಮೈಯೆಲ್ಲ ಹೊಳೆಯಬೇಕೆಂದು ಬಯಸಿದ. ಚಕ್ರವನ್ನು ನೀನು ತಿರುಗಿಸುವುದಾದರೆ ಸಾಣೆ ಹಿಡಿದುಕೊಡುತ್ತೇನೆಂದ ಕಮ್ಮಾರ. ತಿರುಗಿಸಿ ತಿರುಗಿಸಿ ದಣಿದವನು ಕೊನೆಗೆ, ಚುಕ್ಕೆ ಚುಕ್ಕೆಯಾದ ಕೊಡಲಿಯೇ ತನಗೆ ಮೆಚ್ಚಿಕೆಯೆಂದು ಹೊತ್ತುಕೊಂಡು ಹೋದ. ಕಥೆಯಲ್ಲಿ ನಗೆಯುಂಟು, ಕುಟುಕೂ ಉಂಟು. ಸೋತವನು ಸೋಲನ್ನೇ ಆದರ್ಶವೆಂದು ಸಾರುವ ಚಪಲವನ್ನು ಅದು ಹಾಸ್ಯಮಾಡುತ್ತದೆ. ಪೂರ್ತಿ ಹೊಳಪಿನ ಮನುಷ್ಯನೊಡನೆ ಬಾಳುವುದು ಸ್ನೇಹಿತರಿಗೆ ಕಷ್ಟವಾದೀತೆಂಬ ಜಾಣತನವೂ ಅಲ್ಲಿದೆ. 79ನೆಯ ವರ್ಷದಲ್ಲಿದ್ದ ಮುದುಕ, ನೆನಪು ಕುಂದಿದ ಈಗ ಕ್ರಮದ ಕೊರತೆ ತನಗೆ ತಟ್ಟುತ್ತಿದೆಯೆಂದು ಒಪ್ಪಿಕೊಳ್ಳುತ್ತಾನೆ. ಪಟ್ಟಿಯನ್ನು ಮಾತ್ರ ಮುದ್ರಿಸಿ ಹಂಚುವ ಇಂದಿನ ಉಪದೇಶಕರು ಈ ಪುಟಗಳನ್ನು ಬಿಟ್ಟುಬಿಡುವುದು ಫ್ರಾಂಕ್ಲಿನ್ನನಿಗೆ ಮಾಡುವ ಅನ್ಯಾಯ.

ಮೂರನೆಯವನು ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ (1815–1882). 1834ರಲ್ಲಿ ಲಂಡನ್ನಿನ ಅಂಚೆ ಕಚೇರಿಗೆ ಗುಮಾಸ್ತನಾಗಿ ಸೇರಿ, 1867ರವರೆಗೆ ಆ ಇಲಾಖೆಯಲ್ಲಿ ದುಡಿಯುತ್ತಲೇ ಕಾದಂಬರಿಗಳನ್ನು ಬರೆದವನು, ಒಟ್ಟು 47. ಸತ್ತ ಮರುವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ಅವನ ರಹಸ್ಯ ಹೊರಬಿತ್ತು. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂಡುವುದು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಬಳಿಕ ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಪ್ರತಿ ಕಾದಂಬರಿಗೂ ವಾರಗಳಾಗಿ ವಿಂಗಡಿಸಿದ ಒಂದು ದಿನಚರಿ ಪುಸ್ತಕ. ಅದರಲ್ಲಿ ಅಂದಂದು ಬರೆದ ಪುಟಗಳ ಲೆಕ್ಕ. ವಾರಕ್ಕೆ ಸರಾಸರಿ 40 ಪುಟ; ಕೆಲವೊಮ್ಮೆ 20ಕ್ಕೆ ಇಳಿದದ್ದುಂಟು, 112ಕ್ಕೆ ಏರಿದ್ದೂ ಉಂಟು. ಬರೆಯದ ದಿನದ ಖಾಲಿ ಜಾಗ ಸಾಲಗಾರನಂತೆ ಅವನನ್ನು ದಿಟ್ಟಿಸುತ್ತಿತ್ತು. ಸ್ಫೂರ್ತಿಯನ್ನು ನಂಬಿದ ರಸಿಕರಿಗೆ ಈ ಲೆಕ್ಕ ರುಚಿಸಲಿಲ್ಲ. ಕೆಲಕಾಲ ಅವನ ಕೀರ್ತಿಗೂ ಮಬ್ಬು ಕವಿಯಿತು. ಕಾದಂಬರಿಗಳು ಮಾತ್ರ ಇಂದಿಗೂ ಓದಿಗೆ ಸಲ್ಲುತ್ತಿವೆ.

ಟ್ರಾಲಪ್‌ನ ಕ್ರಮದಲ್ಲಿ ಜಾಣ್ಮೆ ಎಲ್ಲಿದೆ? ಅವನು ಇಡೀ ದಿನವನ್ನು ಆಳಲು ಹೊರಡಲಿಲ್ಲ. ಹಗಲು ಅಂಚೆ ಇಲಾಖೆಯದು; ಅಲ್ಲಿ ಬಾಗಿಲು ತಟ್ಟುವವರು ಬೇಕಾದಷ್ಟು. ಲೋಕ ಏಳುವುದಕ್ಕೆ ಮುಂಚಿನ ಮೂರು ಗಂಟೆಗಳನ್ನು ಮಾತ್ರ ತನ್ನದಾಗಿಸಿಕೊಂಡು, ಅದಕ್ಕೆ ಒಂದೇ ಕೆಲಸವನ್ನೂ ಒಂದೇ ಅಳತೆಯನ್ನೂ ಗೊತ್ತುಮಾಡಿದ. ಫ್ರಾಂಕ್ಲಿನ್ 13 ಗುಣಗಳನ್ನು 24 ಗಂಟೆಗೆ ಹರಡಿ ಎಡವಿದ ಕಡೆ, ಟ್ರಾಲಪ್ ಚಿಕ್ಕದನ್ನು ಹಿಡಿದು ಗೆದ್ದ. ಒಂದು ಕೊರತೆಯನ್ನೂ ಹೇಳಬೇಕು. ಎಷ್ಟು ಪುಟವಾಯಿತೆಂದು ಆ ಪುಸ್ತಕ ಕೇಳುತ್ತದೆ, ಪುಟ ಹೇಗಾಯಿತೆಂದು ಕೇಳುವುದಿಲ್ಲ. ಫ್ರಾಂಕ್ಲಿನ್ನನ ಸಂಜೆಯ ಪ್ರಶ್ನೆಗೆ ಅಲ್ಲಿ ಮನೆಯಿಲ್ಲ.

ಇನ್ನು ಮೂವರ ಪಟ್ಟಿಗಳಲ್ಲೂ ಕಾಣದ ಒಂದು ಸಾಲು ಇದೆ. ಟ್ರಾಲಪ್ ಐದೂವರೆಗೆ ಬರೆಯಲು ಕೂಡಬೇಕಾದರೆ ಅವನನ್ನು ಎಬ್ಬಿಸಿ ಕಾಫಿ ಕೊಡಲು ಇನ್ನೊಬ್ಬನು ಅದಕ್ಕೂ ಮೊದಲೇ ಏಳಬೇಕಲ್ಲವೆ? ಕುದುರೆಲಾಯದ ಒಬ್ಬ ಮುದಿ ಆಳು ಅದನ್ನು ಮಾಡಿದ, ವರ್ಷಕ್ಕೆ 5 ಪೌಂಡ್ ಹೆಚ್ಚಿನ ಸಂಬಳಕ್ಕೆ. ತನ್ನ ಯಶಸ್ಸಿಗಾಗಿ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿಯೆಂದು ಟ್ರಾಲಪ್ ಬರೆದಿರುವುದು ಅವನ ದೊಡ್ಡತನ. ರೈಲುಗಾಡಿಯಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಅವನ ಹೆಂಡತಿ ಆಮೇಲೆ ಪ್ರತಿಮಾಡುತ್ತಿದ್ದಳು. ಫ್ರಾಂಕ್ಲಿನ್ನನ ಹೆಂಡತಿ ಡೆಬೊರಾ ಹೊತ್ತಗೆಗಳನ್ನು ಮಡಿಸಿ ಹೊಲಿಯುತ್ತಿದ್ದಳು, ಅಂಗಡಿಯನ್ನು ನೋಡಿಕೊಳ್ಳುತ್ತಿದ್ದಳು, ಕಾಗದ ತಯಾರಿಸುವವರಿಗಾಗಿ ಚಿಂದಿಬಟ್ಟೆ ಕೊಳ್ಳುತ್ತಿದ್ದಳು. ಇದನ್ನು ಆತ್ಮಕಥೆ ಕೃತಜ್ಞತೆಯಿಂದ ನೆನೆಯುತ್ತದೆ, ವೇಳಾಪಟ್ಟಿ ನೆನೆಯುವುದಿಲ್ಲ.

ನಮ್ಮ ಮನೆಗಳ ಸ್ಥಿತಿ ಬೇರೆಯಲ್ಲ. ಯಜಮಾನನ ದಿನಚರಿ ಕಾಫಿಯ ಲೋಟದಿಂದ ಮೊದಲಾಗುತ್ತದೆ. ಹಾಲು ತೆಗೆದುಕೊಂಡು ಒಲೆ ಹಚ್ಚಿದವರ ಗಂಟೆ ಯಾವ ಪಟ್ಟಿಯಲ್ಲಿದೆ? ಮಗುವಿನ ಜ್ವರ, ಅತ್ತೆಯವರ ಔಷಧಿ, ನಲ್ಲಿಯಲ್ಲಿ ನೀರು ಬರುವ ಹೊತ್ತು, ಹೇಳದೆ ಬಂದ ನೆಂಟರು, ಇವೆಲ್ಲ ಸೇರಿದ ಗೃಹಿಣಿಯ ದಿನವನ್ನು ಗಂಟೆಗಳಾಗಿ ಹಂಚುವುದು ಸಾಧ್ಯವೇ ಇಲ್ಲ. ಅವಳ ದಿನವೆಲ್ಲ ಬಾಗಿಲಲ್ಲಿ ನಿಂತವರದೇ. ಹೊರಗೂ ಉದ್ಯೋಗ ಮಾಡುವವಳಿಗೆ ಎರಡು ಬಾಗಿಲು. ಕಾಲವನ್ನು ಆಳುವ ವಿದ್ಯೆಯನ್ನು ಅವಳಿಗೆ ಉಪದೇಶಿಸುವ ಮುನ್ನ, ಅವಳ ಕಾಲವನ್ನು ಯಾರು ಆಳುತ್ತಿದ್ದಾರೆಂದು ವಿಚಾರಿಸುವುದು ನ್ಯಾಯ.

ಹಾಗೆಂದು ದಿನಚರಿಯೇ ಬೇಡವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಕ್ರಮವಿಲ್ಲದ ಮನೆಯಲ್ಲಿ ಬಾಗಿಲಿಗೆ ಬಂದವನ ಅಹವಾಲೂ ಕಳೆದುಹೋಗುತ್ತದೆ. ತನಗೊಂದು ಕ್ರಮವನ್ನು ಕಟ್ಟಿಕೊಳ್ಳಬಯಸುವವನು ಟ್ರಾಲಪ್‌ನಿಂದ ಒಂದು ಕೆಲಸ, ಒಂದು ಅಳತೆ ಎಂಬ ಮಿತಿಯನ್ನು ಕಲಿಯಬಹುದು. ಫ್ರಾಂಕ್ಲಿನ್ನನಿಂದ ಸಂಜೆಯ ಪ್ರಶ್ನೆಯನ್ನೂ ಸೋತಾಗ ನಗುವುದನ್ನೂ ಕಲಿಯಬಹುದು. ಕೌಟಿಲ್ಯನಿಂದ, ದಿನದ ಒಂದು ಭಾಗವನ್ನು ಬಂದವರಿಗೆಂದೇ ತೆರೆದಿಟ್ಟು, ತುರ್ತಿನದು ಬಂದರೆ ಉಳಿದ ಭಾಗಗಳನ್ನೂ ಬದಲಿಸುವ ಅಧಿಕಾರವನ್ನು ಪಡೆಯಬಹುದು. ಪಟ್ಟಿ ಬರೆದಾದ ಮೇಲೆ, ಇದು ನಡೆಯಬೇಕಾದರೆ ಮನೆಯಲ್ಲಿ ನನಗಿಂತ ಮೊದಲು ಏಳಬೇಕಾದವರು ಯಾರು ಎಂದು ಒಮ್ಮೆ ಕೇಳಿಕೊಂಡು ಅವರ ಹೆಸರನ್ನೂ ಮೊದಲ ಸಾಲಿನಲ್ಲಿ ಬರೆದರೆ ಒಳ್ಳೆಯದು. ಬರೆದ ಮೇಲೆ, ವಾರಕ್ಕೆ ಒಂದೆರಡು ದಿನವಾದರೂ ಆ ಸಾಲಿನಲ್ಲಿ ತನ್ನ ಹೆಸರೇ ಇರಬಾರದೇಕೆ ಎಂದು ತೋರಿದರೆ, ಆ ದಿನಚರಿ ಎರಡು ವಾರಕ್ಕಿಂತ ಹೆಚ್ಚು ಬಾಳೀತು.