ಹರಳೆಣ್ಣೆ, ಬಾಲ್ಸಾ, ಅರವತ್ತಡಿ ತಂತಿ

ಇಂಜಿನ್ ಕೂರಲಿಲ್ಲ. ಮಾದರಿ ವಿಮಾನದ ಪ್ಲ್ಯಾನಿನ ಮೇಲೇ ಅಳತೆ ಹಿಡಿದು ಎರಡು ಗಟ್ಟಿಮರದ ಪಟ್ಟಿಗಳನ್ನು ಅಷ್ಟೇ ಅಂತರದಲ್ಲಿ ಅಂಟಿಸಿದ್ದೆ. ಆದರೂ ಫಾಕ್ಸ್ 35ರ ಹೊಟ್ಟೆ ಆ ಸಂದಿಯೊಳಗೆ ಇಳಿಯಲೊಲ್ಲದು. ಉಗುರಿನ ದಪ್ಪದಷ್ಟು ಕೊರತೆ. ಒಂಚೂರು ಅರ ಹಾಕಿಬಿಡೋಣ ಎಂದು ಕೈ ಹೊರಟಿತ್ತು, ಯಾಕೋ ಅನುಮಾನ ಬಂದು ರೆಕ್ಕೆಯ ಉದ್ದ ಅಳೆದೆ. 50 ಇಂಚು ಇರಬೇಕಾದದ್ದು 48.5 ಇತ್ತು. ಪ್ರಿಂಟ್ ಹಾಕಿಕೊಟ್ಟ ಅಂಗಡಿಯವನು ಹಾಳೆಗೆ ಹೊಂದಲಿ ಎಂದು ಇಡೀ ಪ್ಲ್ಯಾನನ್ನು ಶೇ. 3ರಷ್ಟು ಕುಗ್ಗಿಸಿದ್ದ. ಅಳೆಯದೆ ಸುತ್ತಿಕೊಂಡು ಮನೆಗೆ ತಂದವನು ನಾನು. ಕಾಗದದ ಮೇಲೆ ವಿಮಾನ ಎಷ್ಟು ಬೇಕಾದರೂ ಕುಗ್ಗೀತು, ಲೋಹದ ಇಂಜಿನ್ ಕುಗ್ಗುತ್ತದೆಯೇ?

ಹಳೇ ಪ್ಲ್ಯಾನುಗಳ ಸಹವಾಸಕ್ಕೆ ಬಿದ್ದವರು ಉದ್ದವನ್ನೂ ಅಗಲವನ್ನೂ ಬೇರೆಬೇರೆ ಅಳೆಯಬೇಕು. ನಮ್ಮ ಕೈಗೆ ಸಿಗುವುದು ನಕಲಿನ ನಕಲು. ಒಂದು ದಿಕ್ಕಿಗೆ ಹಿಗ್ಗಿ ಇನ್ನೊಂದಕ್ಕೆ ಕುಗ್ಗಿರುತ್ತದೆ, ಮಡಿಕೆ ಬಿದ್ದಲ್ಲಿ ಗೆರೆ ಸೊಟ್ಟಗಾಗಿರುತ್ತದೆ.

ನನ್ನದು ಕಂಟ್ರೋಲ್ ಲೈನ್ ವಿಮಾನ. ಅದನ್ನು ನೋಡದವರಿಗೆ ಎರಡು ಮಾತು. ಹಾರಿಸುವವನು ವೃತ್ತದ ನಡುವೆ ನಿಲ್ಲುತ್ತಾನೆ. ಅವನ ಕೈಯ ಹಿಡಿಕೆಯಿಂದ ಸುಮಾರು 60 ಅಡಿಯ ಎರಡು ಉಕ್ಕಿನ ತಂತಿಗಳು ಹೊರಟು ವಿಮಾನದ ರೆಕ್ಕೆಯೊಳಗಿನ ಬೆಲ್‌ಕ್ರ್ಯಾಂಕಿಗೆ ಸೇರುತ್ತವೆ. ಹಿಡಿಕೆ ವಾಲಿದರೆ ಬೆಲ್‌ಕ್ರ್ಯಾಂಕ್ ತಿರುಗುತ್ತದೆ, ಪುಶ್‌ರಾಡ್ ಸರಿಯುತ್ತದೆ, ಬಾಲದ ಎಲಿವೇಟರ್ ಏಳುತ್ತದೆ. ರೇಡಿಯೋ ಇಲ್ಲ, ಬ್ಯಾಟರಿ ಇಲ್ಲ. ಗಾಳಿಪಟಕ್ಕೆ ಸೂತ್ರ ಕಟ್ಟಿ ಗೊತ್ತಿದ್ದವರಿಗೆ ಅರ್ಧ ವಿದ್ಯೆ ಬಂದಂತೆಯೇ. ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದವರು ಇದನ್ನು ಕಂಡಿರುತ್ತಾರೆ, ಕೆಲವರು ತಲೆ ಸುತ್ತಿ ಕುಸಿದೂ ಇರುತ್ತಾರೆ.

ಈ ಆಟದ ತವರು ಅಮೆರಿಕದ ಆರೆಗಾನ್ ರಾಜ್ಯ. ಅಲ್ಲಿನ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ 1940ರಲ್ಲಿ 'ಫೈರ್‌ಬಾಲ್' ಎಂಬ ವಿಮಾನವನ್ನು ಮಾರುಕಟ್ಟೆಗೆ ತಂದು ಈ ಆಟವನ್ನು ಮನೆಮನೆಗೆ ಮುಟ್ಟಿಸಿದ. ಪೇಟೆಂಟೂ ಪಡೆದ. ಎರಡು ಕೈಯಲ್ಲಿ ಎರಡು, ತಲೆಗೆ ಕಟ್ಟಿಕೊಂಡು ಮೂರನೆಯದು, ಹೀಗೆ ಏಕಕಾಲಕ್ಕೆ ಮೂರು ವಿಮಾನ ಹಾರಿಸುತ್ತಿದ್ದ ಭೂಪ. ಆದರೆ 1955ರಲ್ಲಿ ಕಾಕ್ಸ್ ಕಂಪನಿಯ ಮೇಲೆ ಹೂಡಿದ ಪೇಟೆಂಟ್ ದಾವೆಯಲ್ಲಿ ಸೋತ. ಅದೇ ಆರೆಗಾನಿನ ಒಬಾ ಸೇಂಟ್ ಕ್ಲೇರ್ ಎಂಬಾತ ವಾಕರ್‌ಗಿಂತ ಮೊದಲೇ, 1930ರ ದಶಕದಲ್ಲೇ, ಬೆಲ್‌ಕ್ರ್ಯಾಂಕ್ ಹಾಕಿ ಹಾರಿಸಿದ್ದು ಕೋರ್ಟಿನಲ್ಲಿ ಹೊರಬಿತ್ತು.

ನಾನು ಕಟ್ಟುತ್ತಿರುವುದು 'ನೋಬ್ಲರ್'. ಟೆಕ್ಸಾಸಿನ ಜಾರ್ಜ್ ಆಲ್ಡ್ರಿಚ್ 1950ರ ದಶಕದ ಆರಂಭದಲ್ಲಿ ರೂಪಿಸಿದ್ದು. ಮುಂದೆ ಟಾಪ್ ಫ್ಲೈಟ್ ಕಂಪನಿಯ ಹಸಿರು ಡಬ್ಬಿಯ ಕಿಟ್ಟಾಗಿ ಜಗತ್ತು ಸುತ್ತಿತು. ಚೆಲುವಿಗೇ ಮರುಳಾಗುವವರಿಗೆ ಬೇರೆ ವಿಮಾನಗಳಿವೆ. ನನಗೆ ನೋಬ್ಲರ್ ಹಿಡಿಸಿದ್ದು ಅದರ ರೆಕ್ಕೆಯ ಹಿಂಬದಿಯ ಫ್ಲ್ಯಾಪಿಗಾಗಿ. ಎಲಿವೇಟರ್ ಮೇಲೆದ್ದಾಗ ಫ್ಲ್ಯಾಪ್ ಕೆಳಗಿಳಿಯುತ್ತದೆ, ಎಲಿವೇಟರ್ ಇಳಿದಾಗ ಫ್ಲ್ಯಾಪ್ ಏಳುತ್ತದೆ. ದಿಢೀರನೆ ಮೂತಿ ಎತ್ತಿದ ವಿಮಾನಕ್ಕೆ ತಿರುವಿನಲ್ಲಿ ತನ್ನ ತೂಕದ ಎಷ್ಟೋ ಪಟ್ಟು ಎತ್ತುಬಲ ಬೇಕು. ಅದು ಸಿಗದಿದ್ದರೆ ಮೂತಿ ಮಾತ್ರ ಮೇಲೆ ನೋಡುತ್ತಿರುತ್ತದೆ, ಮೈ ಹಳೇ ದಾರಿಯಲ್ಲೇ ಜಾರುತ್ತಿರುತ್ತದೆ. ಫ್ಲ್ಯಾಪ್ ಆ ಕೊರತೆ ತುಂಬುತ್ತದೆ. ಚೌಕ ಲೂಪಿನ ಮೂಲೆಯಲ್ಲಿ ಗೆರೆ ಎಳೆದಂತೆ ತಿರುಗಲು ಇದೇ ಕಾರಣ. ಆಮೇಲೆ ಬಂದ ಸ್ಟಂಟ್ ವಿಮಾನಗಳಲ್ಲಿ ಬಹುಪಾಲು ಈ ಪಂಗಡದವೇ.

ಬಾಲ್ಸಾ ಆರಿಸುವುದರಲ್ಲಿ ಅರ್ಧ ವಿಮಾನ ಮುಗಿಯಿತು ಎನ್ನಬೇಕು. ಈಕ್ವೆಡಾರಿನಿಂದ ಬರುವ ಈ ಮರ ನಮ್ಮ ಬೂರುಗದ ದಾಯಾದಿ, ಇದರ ಕಾಯಿಯೂ ಒಡೆದು ಅರಳೆ ಬಿಡುತ್ತದೆ. 3 ಇಂಚು ಅಗಲ, 36 ಇಂಚು ಉದ್ದ, ಇಂಚಿನ ಹದಿನಾರನೇ ಒಂದು ಭಾಗ ದಪ್ಪದ ಎರಡು ಹಲಗೆಗಳನ್ನು ಒಂದೇ ಕಟ್ಟಿನಿಂದ ತೆಗೆದು ಅಡುಗೆಮನೆಯ ತಕ್ಕಡಿಗೆ ಇಟ್ಟೆ. ಒಂದು 11 ಗ್ರಾಂ, ಇನ್ನೊಂದು 20. ಕಣ್ಣಿಗೆ ಎರಡೂ ಅವಳಿ. ರೆಕ್ಕೆ ಮುಚ್ಚಲು ಹಗುರವಾದದ್ದು ಹೋಯಿತು, ಭಾರದ್ದು ಇನ್ನೂ ಕಪಾಟಿನ ಮೇಲಿದೆ. ತೂಕವಾದ ಮೇಲೆ ಎಳೆ ನೋಡಬೇಕು. ಮೈಮೇಲೆ ಮೀನಿನ ಹುರುಪೆಯಂತೆ ಮಿನುಗುವ ಚುಕ್ಕಿಗಳಿದ್ದರೆ ಆ ಹಲಗೆ ಅಡ್ಡಕ್ಕೆ ಬಾಗದು, ರಿಬ್ಬಿಗೆ ಹೇಳಿ ಮಾಡಿಸಿದ್ದು. ಉದ್ದುದ್ದ ಗೀರುಗಳಿದ್ದರೆ ಒದ್ದೆ ಮಾಡಿ ರೆಕ್ಕೆಯ ಮುಂಚೂಣಿಗೆ ಸುತ್ತಬಹುದು. ಅದಲುಬದಲಾದರೆ ಸುತ್ತುವಾಗ ಲಟಕ್ ಎನ್ನುತ್ತದೆ. ಇಂಥದ್ದನ್ನೆಲ್ಲ ಪ್ಲ್ಯಾನು ಹೇಳುವುದಿಲ್ಲ, ಬಿಡಿಸಿದವನಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ.

ಪ್ಲ್ಯಾನಿನಲ್ಲಿದ್ದುದನ್ನು ಎಷ್ಟು ತಿದ್ದಬಹುದು? ಈ ಬಳಗದಲ್ಲಿ ಇದೊಂದು ತೀರದ ಜಗಳ. ಅಮೆರಿಕದ 'ಕ್ಲಾಸಿಕ್' ಸ್ಪರ್ಧೆಗಳಿಗೆ 1969ರೊಳಗಿನ ವಿನ್ಯಾಸವೇ ಆಗಬೇಕು, ರೂಪ ಕೆಡಬಾರದು. ಹೊಟ್ಟೆಯೊಳಗಿನದು ಬೇರೆ ಮಾತು. ಆಗಿನ ಕಾಲಕ್ಕೆ 3 ಇಂಚಿನ ಬೆಲ್‌ಕ್ರ್ಯಾಂಕ್ ಸಾಮಾನ್ಯವಾಗಿತ್ತು, ನಾನು 4 ಇಂಚಿನದು ಹಾಕಿದ್ದೇನೆ. ದೊಡ್ಡದಾದಷ್ಟೂ ತಂತಿಗಳಿಗೆ ಹಿಡಿತ ಹೆಚ್ಚು, ಕೈಗೆ ನಯ. ಬಟ್ಟೆಪಟ್ಟಿಯ ಕೀಲು ಬಿಟ್ಟು ನೈಲಾನಿನದು ಹಾಕಿದ್ದೇನೆ. ಮುರಿದರೆ ವಿಮಾನವೇ ಹೋಗುವಂಥ ಭಾಗಗಳನ್ನು ಧಾರಾಳವಾಗಿ ಬದಲಿಸಿ. ರೆಕ್ಕೆಯ ತುದಿಯ ಬಾಗು, ಬಾಲದ ಗೆರೆ ಮುಟ್ಟಿದಿರೋ, ಆಮೇಲೆ ಅದನ್ನು ನೋಬ್ಲರ್ ಅನ್ನಬೇಡಿ.

ಬೆಲ್‌ಕ್ರ್ಯಾಂಕ್ ಕೂರುವ ಪ್ಲೈವುಡ್ಡಿಗೆ ಮಾತ್ರ ಜಿಪುಣತನ ಬೇಡ. 1.2 ಕಿಲೋದ ವಿಮಾನ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುತ್ತುವಾಗ ಕೈಗೆ ಬೀಳುವ ಎಳೆತ ಮೂರು ಕಿಲೋ ಮೀರುತ್ತದೆ. ಸ್ಪರ್ಧೆಗಳಲ್ಲಿ ಹಾರಿಸುವ ಮೊದಲು ವಿಮಾನದ ತೂಕದ 10 ಪಟ್ಟು ಎಳೆದು ನೋಡುತ್ತಾರೆ. ನಾನು ಮಾವಿನ ಕೊಂಬೆಗೆ ಹಿಡಿಕೆ ಸಿಕ್ಕಿಸಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದೆ. ಮನೆಯವರು ಕಿಟಕಿಯಿಂದ ನೋಡಿ ಏನೂ ಕೇಳದೆ ಒಳಗೆ ಹೋದರು.

ಹೊದಿಕೆಗೆ ರೇಷ್ಮೆ, ಇದರಲ್ಲಿ ರಾಜಿಯಿಲ್ಲ. ಚಿಕ್ಕಪೇಟೆಯಲ್ಲಿ ಇರುವುದರಲ್ಲೇ ತೆಳ್ಳಗಿನ ಬಿಳಿ ರೇಷ್ಮೆ ಕೇಳಿದಾಗ ಅಂಗಡಿಯಾತ, 'ಬ್ಲೌಸಿಗಾ ಸಾರ್?' ಅಂದ. ವಿಮಾನಕ್ಕೆ ಅಂದೆ. ರೇಟಿನಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ನೀರಲ್ಲಿ ಅದ್ದಿ ಹಿಂಡಿ ರೆಕ್ಕೆಯ ಮೇಲೆ ಹರಡಿ, ಅಂಚಿಗೆಲ್ಲ ಡೋಪ್ ಎಂಬ ವಾರ್ನಿಷ್ ಬಳಿದು ಬಿಟ್ಟರೆ ಒಣಗುತ್ತ ಒಣಗುತ್ತ ತಮಟೆಯಂತೆ ಬಿಗಿಯುತ್ತದೆ. ನಾನು ಮಾಡಿದ ತಪ್ಪೆಂದರೆ ಆಷಾಢದ ಜಿನುಗುಮಳೆಯಲ್ಲಿ ಕೆಂಪು ಡೋಪ್ ಬಳಿಯಲು ಕೂತದ್ದು. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು, ಕೆಂಪು ರೆಕ್ಕೆಗೆ ವಿಭೂತಿ ಬಳಿದ ಹಾಗಾಯಿತು. ಬಿಸಿಲು ಬಿದ್ದ ದಿನ ಬರೀ ಥಿನ್ನರಿನ ಒಂದು ಕೈ ಎಳೆದೆ, ಹೋಯಿತು.

ಇಷ್ಟೆಲ್ಲ ಯಾಕೆ, ಎಲೆಕ್ಟ್ರಿಕ್ ಮೋಟಾರ್ ಹಾಕಿದರೆ ಕೈಗೆ ಎಣ್ಣೆಯೂ ಅಂಟದಲ್ಲ ಎಂದು ಗೆಳೆಯರ ವಾದ. ಫಾಕ್ಸ್ ಹಾಡುವುದನ್ನು ಅವರು ಕೇಳಿಲ್ಲ. ನೇರ ಹಾರಾಟದಲ್ಲಿ ಅದು ಗೊರಗೊರ ಎಂದು ಸೋಮಾರಿಯಾಗಿ ನಾಲ್ಕು ಹೊಡೆತಕ್ಕೊಮ್ಮೆ ಉರಿಯುತ್ತದೆ. ಮೂತಿ ಮೇಲೆತ್ತಿದ ಕ್ಷಣ ದನಿ ಒಡೆದು ಎರಡು ಹೊಡೆತಕ್ಕೆ ಏರಿ, ಕೀರಲು ಕೊರಳಿನಲ್ಲಿ ಎಳೆಯತೊಡಗುತ್ತದೆ. ಲೂಪ್ ಮುಗಿಸಿ ಸಮಕ್ಕೆ ಬಂದರೆ ಮತ್ತೆ ಗೊರಗೊರ. ಕೇಳದೆಯೇ ಹತ್ತುವಾಗ ಬಲ, ಇಳಿಯುವಾಗ ತಡೆ. ಡ್ಯೂಕ್ ಫಾಕ್ಸ್ 1940ರ ದಶಕದ ಕೊನೆಗೆ ತಂದ ಈ 5.8 ಸಿ.ಸಿ. ಇಂಜಿನ್ ದಶಕಗಟ್ಟಲೆ ಮಾರಾಟವಾದದ್ದು ಸುಮ್ಮನೆ ಅಲ್ಲ. ಇದಕ್ಕೆ ಇಂಧನದ ಕಾಲುಭಾಗ ಮೀರಿ ಹರಳೆಣ್ಣೆಯೇ ಬೇಕು, ಅಜ್ಜಿ ನೆತ್ತಿಗೆ ಒತ್ತುತ್ತಿದ್ದ ಅದೇ ಎಣ್ಣೆ. ಅದು ಸುಟ್ಟ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡದು.

ನಿಮ್ಮಲ್ಲಿ ಯಾರದಾದರೂ ಅಟ್ಟದ ಮೇಲೆ ಮಾವನದೋ ಚಿಕ್ಕಪ್ಪನದೋ ಇಂಥ ಇಂಜಿನ್ ಇದ್ದು ಅಲುಗಾಡದೆ ಕೂತಿದ್ದರೆ, ಅದು ತುಕ್ಕಲ್ಲ, ಒಣಗಿ ಅಂಟಾದ ಹರಳೆಣ್ಣೆ ಇದ್ದೀತು. ಇಕ್ಕಳ ಹಾಕಿ ತಿರುಗಿಸಬೇಡಿ. ಹೇರ್ ಡ್ರೈಯರಿನಿಂದ ಹತ್ತು ನಿಮಿಷ ಬಿಸಿ ಮಾಡಿ, ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು, ಪ್ರೊಪೆಲ್ಲರನ್ನು ಮೆಲ್ಲಗೆ ಅತ್ತಿತ್ತ ಆಡಿಸಿ ನೋಡಿ.